ನಮ್ಮ ಬೆರಕಿ ಪೇಡೆ

ಮೊನ್ನೆ ಗದಗಿನಿಂದ ನಮ್ಮ ಸಣ್ಣ ನಾದಿನಿ ಫೋನ್ ಮಾಡಿದ್ಲು. ಮಗನ ಪರೀಕ್ಷಾ, ನೀರಿನ ತ್ರಾಸು, ಹೊಸಾ ಮಿಕ್ಸರ್ ಕೆಟ್ಟದ್ದು ಎಲ್ಲಾ ಆದ ಮ್ಯಾಲೆ ಮೆಲ್ಲಕ ಖರೇ ಮಾತು ತಗದ್ಲು. "ವೈನಿ, ನಗಬ್ಯಾಡ್ರಿ ಮತ್ತ. ನಮ್ಮ ಹುಡುಗ ನಾಯಿಮರಿ ಬೇಕು ಅಂತ ಎರಡು ದಿನಾ ಆತು, ಸಿಟ್ಟು ಮಾಡ್ಕೊಂಡು ಕೂತಾನ. ಅವನ ಗೆಳ್ಯಾನ ಮನ್ಯಾಗ ಪಾಮ್ ಕ್ರಾಸ್ ಮರಿ ಅವಂತ. ಎಲ್ಲಾ ಹೋಗ್ಯಾವ, ಒಂದು ಹೆಣ್ಣು ಉಳದದ. ನಿಮ್ಮ ಪೇಡೆ ಹಂಗ ಇರ್ತದೇನ್ರಿ? ಕೂದ್ಲಾ ಭಾಳ ಉದರ್ತಾವೇನು? ಮತ್ತ ಹೆಣ್ಣು ನೋಡ್ರಿ, ಅದೊಂದು ತಲಿನೋವು ಅಲ್ಲೇನು?"

ಒಲಿ ಮ್ಯಾಲೆ ಹಾಲು ಇಟ್ಟದ್ದು ಮರತು ಅರ್ಧಾ ತಾಸು ಹೇಳಿದೆ. ಹಾಲು ಉಕ್ಕಿ ಕಟ್ಟಿ ತುಂಬ ಹರೀತು, ಹೇಳೋದು ಮುಗೀಲಿಲ್ಲ. "ತಡಿ, ಎಲ್ಲಾ ಕೂತು ಬರದು ಹಾಕ್ತೀನಿ. ನೀನೂ ಓದು, ನಿನ್ನಂಗ ಕೇಳೋ ಬಾಕಿ ಮಂದಿನೂ ಓದ್ಲಿ" ಅಂದೆ. ಓಣ್ಯಾಗಿನ ವೈನಿಗಳು, ಅಕ್ಕಾಗಳು ಎಷ್ಟೋ ಮಂದಿ ಇದನ್ನ ಕೇಳ್ಯಾರ. ಎಲ್ಲಾರಿಗೂ ಕೂಡೇ ಇದು.

ಪೇಡೆ ನಮ್ಮನಿಗೆ ಬಂದದ್ದು 2016ರ ಶ್ರಾವಣದಾಗ. ಎರಡು ಮನಿ ಆಚೆ ಇರೋ ಕಾಕು ಅವರ ಬಿಳಿ ಪಾಮೇರಿಯನ್ ಒಂದು ದಿನಾ ಗೇಟು ತಗದದ್ದು ನೋಡಿ ಓಡಿ ಹೋಗಿತ್ತು. ಸಂಜಿಕೆ ತಾನ ತಿರುಗಿ ಬಂತು. ಎರಡು ತಿಂಗಳಿಗೆ ನಾಕು ಮರಿ. ಅಪ್ಪ ಯಾರು ಅಂತ ಓಣಿಗೆಲ್ಲಾ ಗೊತ್ತಿತ್ತು: ಮೂಲ್ಯಾಗಿನ ಚಹಾದಂಗಡಿ ಮುಂದ ಮಲಗೋ ಕಂದು ಬಣ್ಣದ ಬೀದಿನಾಯಿ. ಕಾಕು ಮಾತ್ರ ಇವತ್ತಿಗೂ ಒಪ್ಪಂಗಿಲ್ಲ. ಮೂರು ಗಂಡು ಮರಿ ವಾರದಾಗ ಹೋದ್ವು. ಹೆಣ್ಣುಮರೀನ ಮಂದಿ ಬರೋದು, ಎತ್ತಿ ನೋಡೋದು, ಕೆಳಗ ಇಟ್ಟು ಹೋಗೋದು.

ಮಳಿ ಹೊಡೀಲಿಕತ್ತಿತ್ತು. ನನ್ನ ಮಗ, ಆಗ ಐದನೇತ್ತಾ, ಅಂಗಿ ಒಳಗ ಅದನ್ನ ಮುಚ್ಕೊಂಡು ತಂದ. ಅತ್ತಿಯವರು ಪಡಸಾಲ್ಯಾಗ ಕೂತು ಹೂಬತ್ತಿ ಮಾಡ್ಲಿಕತ್ತಿದ್ರು. ಅವರಿಗೆ ನಾಯಿ ಅಂದ್ರ ನಾಕು ಮಾರು ದೂರ. ಮಡಿ ಬಿಡ್ರಿ, ನಾಯಿ ಬಾಲದ ಗಾಳಿ ತಾಗಿದ್ರೂ ಮತ್ತೊಮ್ಮೆ ನೀರು ಹಾಕ್ಕೊಳ್ಳೋವರು. ಈಗ ಮನ್ಯಾಗ ಮಹಾಭಾರತ ಅಂತ ನಾ ಉಸಿರು ಹಿಡಕೊಂಡು ನಿಂತೆ. ಅವರು ಕೇಳಿದ್ದು ಒಂದೇ: "ಇದನ್ಯಾಕ ಯಾರೂ ಒಯ್ಯಲಿಲ್ಲ?"

"ಹೆಣ್ಣು ಅಂತ, ಅಜ್ಜಿ."

ಒಂದು ಬತ್ತಿ ಹೊಸದು ಮುಗಿಯೋ ತನಕ ಮಾತಾಡ್ಲಿಲ್ಲ. ಆಮ್ಯಾಲೆ, "ಹಿತ್ತಲದಾಗ ಇರ್ಲಿ. ಒಳಗ ಬರಬಾರದು. ನನ್ನ ಮುಟ್ಟಬಾರದು" ಅಂದ್ರು. ನಮ್ಮವರ ಹಿಂದ ಸಾಲಾಗಿ ಮೂರು ಹೆಣ್ಣು ಹಡದವರು ಅವರು. ಆಗ ನನಗ ಅದು ಹೊಳೀಲಿಲ್ಲ.

ನಮ್ಮವರದು ಬ್ಯಾರೇ ರಾಗ. "ಸಾಕೋದಾದ್ರ ಮುಧೋಳ ನಾಯಿ ಸಾಕಬೇಕು. 2005ರಾಗ ಅಂಚೆ ಚೀಟಿ ಮ್ಯಾಲೆ ಬಂದದ, ಗೊತ್ತದ ಏನು?" ಅಂದ್ರು. ಅಂಚೆ ಚೀಟಿ ಮ್ಯಾಲೆ ಬಂದ ನಾಯಿಗೆ ಓಡ್ಲಿಕ್ಕೆ ಹೊಲಾ ಬೇಕು, ನಮ್ಮ ಹಿತ್ತಲ ಹತ್ತು ಹೆಜ್ಜಿ ಅದ ಅಂದೆ. ಸುಮ್ಮನಾದ್ರು. ಮರಿ ಮೈ ಕಂದು, ಮ್ಯಾಲೆ ಸಕ್ಕರಿ ಉದರಿಸಿದಂಗ ಬಿಳಿ. ಧಾರವಾಡದಾಗ ಅಂಥಾ ಬಣ್ಣಕ್ಕ ಇನ್ನೇನು ಹೆಸರು ಇಡ್ತಾರ? ಪೇಡೆ ಅಂತ ಇಟ್ವಿ.

ಈಗ ಈ ಪಾಮ್ ಕ್ರಾಸ್ ಅಂದ್ರ ಏನು ಅಂತ ಹೇಳ್ತೀನಿ. ನಾವೆಲ್ಲಾ ಸಣ್ಣವರಿದ್ದಾಗಿಂದ ಪಾಮೇರಿಯನ್ ಅಂತ ಕರಕೋತ ಬಂದ ಬಿಳಿ ನಾಯಿ ಬಹುತೇಕ ಖರೇ ಪಾಮೇರಿಯನ್ ಅಲ್ಲಂತ, ಇಂಡಿಯನ್ ಸ್ಪಿಟ್ಜ್ ಅಂತ. ಡಾಕ್ಟರು ಹೇಳಿದಾಗ ನಾನೂ ಬಾಯಿ ತಕ್ಕೊಂಡೆ. ಖರೇ ಪಾಮೇರಿಯನ್ ಎರಡು-ಮೂರು ಕಿಲೋ ತೂಕದ ಗೊಂಬಿ. 1994ರ 'ಹಮ್ ಆಪ್ಕೇ ಹೈ ಕೌನ್' ಸಿನಿಮಾದಾಗ ಟಫೀ ಅಂತ ಬಿಳಿ ನಾಯಿ ಇತ್ತಲ್ಲ, ಅದೂ ಸ್ಪಿಟ್ಜ್. ಆ ಸಿನಿಮಾ ನೋಡಿ ನಮ್ಮ ತಂಗಿ ಆರು ತಿಂಗಳು ನಾಯಿ ಬೇಕು ಅಂತ ಅತ್ತಿದ್ಲು, ಅಪ್ಪ ಜಗ್ಗಲಿಲ್ಲ. ಅದು ಬ್ಯಾರೇ ಕಥಿ.

ಅದಕ್ಕೂ ಬೀದಿನಾಯಿಗೂ ಹುಟ್ಟಿದ ಮರಿ ಹೆಂಗಾಗ್ತದ ಅಂತ ಯಾರಿಗೂ ಹೇಳ್ಲಿಕ್ಕೆ ಬರಂಗಿಲ್ಲ. ಒಂದ ಹೊಟ್ಟಿ ಮಕ್ಕಳು ಒಂದ ಥರಾ ಇರ್ತಾರೇನು? ಪೇಡೆಯ ಒಬ್ಬ ಅಣ್ಣ ಹಾಲಿನಂಗ ಬಿಳಿ, ಗಿಡ್ಡ. ಇನ್ನೊಬ್ಬ ಥೇಟ ಚಹಾದಂಗಡಿ ಅಪ್ಪ. ನಮ್ಮಕಿದು ಅರ್ಧರ್ಧ: ಅವ್ವನ ದಟ್ಟ ಕೂದ್ಲಾ, ಬೆನ್ನ ಮ್ಯಾಲೆ ಸುರುಳಿ ಬಾಲ. ಅಪ್ಪನ ಉದ್ದ ಕಾಲು. ಒಂದು ಕಿವಿ ನಿಂತದ, ಇನ್ನೊಂದು ಅರ್ಧಕ್ಕ ಮಡಚಿ ಬಿದ್ದದ. ತೂಕ 11 ಕಿಲೋ.

ಗುಣಾನೂ ಹಂಗ. ಅವ್ವನ ಕಡಿಂದ ಬಂದದ್ದು ಬೊಗಳೋದು. ಹಾಲಿನವ, ಕೊರಿಯರಿನವ, ಹತ್ತನೇ ಮನ್ಯಾಗ ಕುಕ್ಕರ್ ಸೀಟಿ, ಎಲ್ಲಾದಕ್ಕೂ ಆಕಿ ಹಾಜರಿ ಬೇಕು. ಮಂದೀನ್ನ ಹಚ್ಕೊಳ್ಳೋದೂ ಅವ್ವನದ. ನಾ ಬಚ್ಚಲಕ್ಕ ಹೋದ್ರ ಬಾಗಿಲ ಮುಂದ ಮೂಗು ಹಚ್ಚಿ ಕೂಡ್ತಾಳ. ಇಂಥಾ ನಾಯೀನ್ನ ದಿನಪೂರ್ತಿ ಕೀಲಿ ಹಾಕಿ ನೌಕರಿಗೆ ಹೋಗೋ ಮಂದಿ ತುಗೋಬಾರದು. ಒಂಟಿ ಬಿಟ್ರ ಅಳ್ತಾವ, ಪಾದರಕ್ಷಾ ಕಡೀತಾವ, ತಮ್ಮ ಕಾಲು ತಾವ ನೆಕ್ಕಿ ಹುಣ್ಣು ಮಾಡ್ಕೋತಾವ. ಅಪ್ಪನ ಕಡಿಂದ ಬಂದದ್ದು ಹುಷಾರತನ. ಗೇಟಿನ ಚಿಲಕಾ ಮೂಗಿಲೆ ಎತ್ತೋದು ಎಂಟು ದಿನದಾಗ ಕಲ್ತ್ಲು. ನಮ್ಮ ಕಡೆ ಶಾಣ್ಯಾ, ಸ್ವಲ್ಪ ಕಪಟ ಇರೋ ಮಂದಿಗೆ ಬೆರಕಿ ಅಂತೀವಲ್ಲ, ಇಕಿ ಎರಡೂ ಅರ್ಥದಾಗ ಬೆರಕಿ.

ಊಟದ್ದು ಹೇಳೋದು ಅದ. ನಮ್ಮದು ಚಾತುರ್ಮಾಸದಾಗ ಉಳ್ಳಾಗಡ್ಡಿ ಸೈತ ಬಿಡೋ ಮನಿ. ನಾ ಮೊದಲ ನಾಕು ತಿಂಗಳು ಹಾಲು-ಅನ್ನ, ಹಾಲು-ಚಪಾತಿ ಹಾಕಿದೆ. ಮರಿ ಹೊಟ್ಟಿ ಡೊಳ್ಳು, ಕಾಲು ಕಡ್ಡಿ, ದಿನಾ ಜುಲಾಬು. ಡಾಕ್ಟರು ನೋಡಿ, "ಬಾಯಾರ, ಇದು ಕರು ಅಲ್ರಿ, ನಾಯಿ" ಅಂದ್ರು. ಭಾಳಷ್ಟು ನಾಯಿಗೆ ಹಸಿ ಹಾಲು ಅರಗಂಗಿಲ್ಲ, ಮಸರು ನಡೀತದ. ಬರೇ ಅನ್ನ-ರೊಟ್ಟಿಲೆ ಮೈಗೆ ಬೇಕಾದ ಪ್ರೋಟೀನು ಸಿಗಂಗಿಲ್ಲ, ದಿನಾ ಒಂದು ಕುದಿಸಿದ ತತ್ತಿ ಹಾಕ್ರಿ, ಬಾಕಿ ಮರಿಗೆ ಅಂತ ಇರೋ ತಯಾರ ಆಹಾರ ಕೊಡ್ರಿ ಅಂದ್ರು.

ತತ್ತಿ! ನಮ್ಮನ್ಯಾಗ! ಕಡೀಗೆ ಹಿತ್ತಲದ ಮೂಲ್ಯಾಗ, ಕಟಿಗಿ ಇಡೋ ಖೋಲ್ಯಾಗ, ಹಳೇ ವೈರಿನ ಒಲಿ, ಒಂದು ಸೊಟ್ಟ ಬೋಗಾಣಿ, ಒಂದು ಚಮಚಾ ಬ್ಯಾರೇ ಇಟ್ವಿ. ಮಗ ಕುದಸ್ತಿದ್ದ. ಅತ್ತಿಯವರಿಗೆ ಗೊತ್ತಾಗಬಾರದು ಅಂತ ಏನೇನೋ ನಾಟಕ. ಹದಿನೈದು ದಿನಾ ಆಗಿರಬೇಕು, ಅವರು ಜಪಮಣಿ ಎಣಿಸ್ಕೋತ ಕೂತಾವರು ಅಲ್ಲಿಂದನ ಕೇಳಿದ್ರು, "ಇವತ್ತ ಇಕಿಗೆ ಆ ಬಿಳೇ ಬಟಾಟಿ ಹಾಕಿಲ್ಲೇನು? ಹಸದು ತಿರಗ್ಲಿಕತ್ತಾಳ." ಅವತ್ತಿನಿಂದ ನಮ್ಮನ್ಯಾಗ ತತ್ತಿ ಹೆಸರು ಬಿಳೇ ಬಟಾಟಿ.

ಹಾಕಬಾರದ್ದು ಮಾತ್ರ ನೆನಪಿಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿ ರಕ್ತದ ಕೆಂಪು ಕಣಾ ಒಡೀತಾವ, ಹಸೀದಾದ್ರೂ ಅಷ್ಟ, ಬೇಯಿಸಿದ್ದಾದ್ರೂ ಅಷ್ಟ. ಒಂದು ಚೂರು ತಿಂದ್ರ ಏನೂ ಆಗ್ಲಿಕ್ಕಿಲ್ಲ, ಆದ್ರ ಉಳದ ಹುಳಿ-ಪಲ್ಯಾ ಕಲಿಸಿ ದಿನಾ ಹಾಕೋದು ವಿಷಾ ಹಾಕಿದಂಗ. ನಮ್ಮ ಹುಡುಗ ಗಿರ್ಮಿಟ್ ತಂದು ಇಬ್ಬರೂ ಕೂಡಿ ತಿಂತಿದ್ರು, ನನಗ ಗೊತ್ತಾದದ್ದು ಆಮ್ಯಾಲೆ. ದ್ರಾಕ್ಷಿ, ಮನೂಕಿ ಮೂತ್ರಪಿಂಡಕ್ಕ ಹೊಡೀತಾವ. ಪೂಜಾದ ಶಿರಾದಾಗ ಮನೂಕಿ ಇರ್ತಾವಲ್ಲ, ಪ್ರಸಾದ ಅಂತ ಕೊಡಬ್ಯಾಡ್ರಿ, ದೇವರು ಸಿಟ್ಟಾಗಂಗಿಲ್ಲ. ಚಾಕಲೇಟು ಬ್ಯಾಡ. ಜ್ವರಾ ಅಂತ ನಮ್ಮ ಗುಳಿಗಿ ಮುರದು ಕೊಡೋದಂತೂ ಬ್ಯಾಡೇ ಬ್ಯಾಡ. ನಾಯಿ ಮೈ ಯಾವಾಗ್ಲೂ ನಮಗಿಂತ ಬೆಚ್ಚಗ ಇರ್ತದ, 101-102 ಡಿಗ್ರಿ ಅವಕ್ಕ ಸಹಜ.

ಕೂದ್ಲಾ ಉದರ್ತಾವೇನು ಅಂತ ಕೇಳಿದ್ಲು ನಾದಿನಿ. ಉದರ್ತಾವ. ವರ್ಷಕ್ಕ ಎರಡು ಸಲ ಗಾದಿ ಹರದು ಅಳ್ಳಿ ಹಾರಿದಂಗ ಹಾರ್ತಾವ, ಬಾಕಿ ದಿನಾ ಬರೇ ಸೀರಿ ಅಂಚಿಗೆ ಹತ್ತೋವಷ್ಟು. ಸ್ಪಿಟ್ಜ್ ಜಾತಿಗೆ ಎರಡು ಪದರ ಕೂದ್ಲಾ: ಮ್ಯಾಲೆ ಉದ್ದ, ಒಳಗ ಉಣ್ಣಿಯಂಥಾ ಮೆತ್ತಂದು. ದಿನಾ ಬಿಟ್ಟು ದಿನಾ ಹಣಗಿ ಹಾಕ್ಬೇಕು. ಕಿವಿ ಹಿಂದ, ತೊಡಿ ಸಂದಿನಾಗ ಗಂಟಾಗ್ತಾವ. ಸ್ನಾನ ಮೂರು-ನಾಕು ವಾರಕ್ಕೊಮ್ಮೆ ಸಾಕು, ನಮ್ಮ ಸಾಬಾಣ ಬ್ಯಾಡ. ಮತ್ತ ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. 2018ರ ಬ್ಯಾಸಿಗ್ಯಾಗ, ಪಾಪ ಶೆಕಿ ಅಂತ ಪೂರ್ತಿ ಬೋಳಿಸಿಬಿಟ್ಟೆ. ಆ ಕೂದ್ಲಾನ ಆಕಿಗೆ ಬಿಸಲಿಂದ ನೆರಳು ಅಂತ ನನಗೇನು ಗೊತ್ತು? ತೊಗಲು ಸುಟ್ಟು ಕೆಂಪಾತು, ತಿರುಗಿ ಬರ್ಲಿಕ್ಕೆ ವರ್ಷ ಹಿಡೀತು, ಬಂದದ್ದೂ ಅಲ್ಲೊಂದು ಇಲ್ಲೊಂದು. ಓಣಿ ಹುಡುಗೂರು ಹೆಸರು ಬದಲಾಯ್ಸಿ ಕೊಬ್ರಿ ಗಿಟಗ ಅಂತ ಕರದ್ರು. ಶೆಕಿಗೆ ನೆರಳು, ನೀರು, ಒದ್ದಿ ಮಾಡಿದ ಗೋಣಿಚೀಲ ಸಾಕು. ತಿರಗ್ಲಿಕ್ಕೆ ಮುಂಜಾನೆ ಲಗೂನ, ಇಲ್ಲಾ ಹೊತ್ತು ಮುಣುಗಿದ ಮ್ಯಾಲೆ ಒಯ್ಯಬೇಕು.

ಮಳಿಗಾಲದಾಗ ಉಣ್ಣಿ ಕಾಟ. ಹೊತ್ತಿಗೊಮ್ಮೆ ಕಿವಿ ಒಳಗ, ಕಾಲು ಬೆರಳಿನ ಸಂದಿನಾಗ ನೋಡ್ರಿ. ಉಣ್ಣಿ ಕಡದು ಬರೋ ಜ್ವರಾ ಕೆಟ್ಟದ್ದು. ನಾಯಿ ಒಮ್ಮಿಂದೊಮ್ಮೆ ಊಟ ಬಿಟ್ಟು, ಒಸಡು ಬೆಳ್ಳಗಾದ್ರ ದವಾಖಾನಿಗೆ ಓಡ್ರಿ. ಲಸಿಕಿ ಆರು-ಎಂಟು ವಾರದ ಮರಿಗೆ ಚಾಲೂ ಮಾಡ್ತಾರ, ಮೂರು-ನಾಕು ವಾರಕ್ಕೊಮ್ಮೆ ನಾಕು ತಿಂಗಳ ತನಕ. ಹುಚ್ಚುನಾಯಿ ರೋಗದ ಸೂಜಿ ಮೂರು ತಿಂಗಳಿಗೆ, ಆಮ್ಯಾಲೆ ಡಾಕ್ಟರು ಬರದ ತಾರೀಖಿಗೆ ತಪ್ಪಸಬಾರದು. ಮನಿ ನಾಯಿ ಅಂತ ಬಿಡಬ್ಯಾಡ್ರಿ, ಮಕ್ಕಳಿರೋ ಮನಿ. ಯಾವ ನಾಯಿ ಕಡದ್ರೂ ಗಾಯಾ ಹದಿನೈದು ನಿಮಿಷ ಹರಿಯೋ ನೀರಾಗ ಸಾಬಾಣ ಹಚ್ಚಿ ತೊಳದು ನೇರ ದವಾಖಾನಿ. ಅರಿಷಿಣ-ಸುಣ್ಣದ ಹಾದಿ ಹಿಡೀಬ್ಯಾಡ್ರಿ.

ಇದಿಷ್ಟೂ ಯಾರು ಬೇಕಾದ್ರೂ ಹೇಳ್ತಾರ. ನಾ ಬರೀಬೇಕು ಅಂತ ಕೂತದ್ದು ಆಕಿ ಕಡೀ ಪ್ರಶ್ನಿ ಸಲುವಾಗಿ. ಹೆಣ್ಣು ತಲಿನೋವು ಅಲ್ಲೇನು ಅಂದ್ಲಲ್ಲ, ಅದು.

ಪೇಡೆಗೆ ಆರು ತಿಂಗಳಾದಾಗ ಡಾಕ್ಟರು ಹೇಳಿದ್ರು, ಈಗ ಆಪರೇಶನ್ ಮಾಡಸ್ರಿ, ಗರ್ಭಚೀಲ, ಅಂಡಾಶಯ ತಗದುಬಿಟ್ರ ಮುಂದ ಎಷ್ಟೋ ತ್ರಾಸು ತಪ್ತಾವ. ನಾಕು ಸಾವಿರ ಆಗ್ತದ ಅಂದ್ರು. ಮನಿಗೆ ಬಂದು ಹೇಳಿದೆ. ಎಲ್ಲಾರೂ ನನ್ನ ಮ್ಯಾಲೆ ಬಿದ್ರು. ಕಾಕು ಬಂದು, "ಏನ ನಿನಗ ಕರಳಿಲ್ಲೇನು? ಮೂಕ ಪ್ರಾಣಿ. ಒಂದ ಸಲ ಆದ್ರೂ ತಾಯಿ ಆಗ್ಲಿ. ಒಂದು ಹೆರಿಗಿ ಆದ್ರ ಮೈನೂ ಛಲೋ ಆಗ್ತದ" ಅಂದ್ರು. ಅತ್ತಿಯವರೂ, "ದೇವರು ಕೊಟ್ಟದ್ದು ನಾವ್ಯಾಕ ತಗೀಬೇಕು" ಅಂದ್ರು. ನಮ್ಮವರು ನಾಕು ಸಾವಿರ ಅಂದ ಕೂಡ್ಲೆ ಮೂಕ ಪ್ರಾಣಿ ಪಕ್ಷಕ್ಕ ಹೋದ್ರು. ಖರೇ ಹೇಳ್ಬೇಕಂದ್ರ ನನಗೂ ಒಳಗ ಹಂಗ ಅನಿಸಿತ್ತು. ಮುಂದೂಡಿದ್ವಿ.

ಮೊದಲನೇ ಸಲ ರಕ್ತ ಕಂಡಾಗ ಅತ್ತಿಯವರೇ ನೋಡಿ, "ಇಕಿ ಹೊರಗಾಗ್ಯಾಳ" ಅಂದ್ರು. ನಮ್ಮನ್ಯಾಗ ನಾ ಮದಿವಿ ಆಗಿ ಬಂದ ಹೊಸದಾಗಿ ತಿಂಗಳಿಗೆ ಮೂರು ದಿನಾ ಹೊರಗ ಕೂಡೋ ಪದ್ಧತಿ ಇತ್ತು. ನಾಯಿಗೆ ಮೂರು ದಿನಾ ಅಲ್ಲ, ಮೂರು ವಾರ, ವರ್ಷಕ್ಕ ಎರಡು ಸಲ. ಓಣಿ ಗಂಡು ನಾಯಿ ಎಲ್ಲಾ ನಮ್ಮ ಗೇಟಿಗೆ. ರಾತ್ರಿಪೂರ್ತಿ ಊಳಿಡೋದು, ಕಂಪೌಂಡ್ ಹಾರೋದು. ಎಪ್ಪತ್ತು ದಾಟಿದ ನಮ್ಮ ಅತ್ತಿ ಕೈಯಾಗ ಕೋಲು ಹಿಡಕೊಂಡು ಕಟ್ಟಿ ಮ್ಯಾಲೆ ಕಾವಲು. "ನನ್ನ ಮೂರು ಹೆಣ್ಣುಮಕ್ಕಳಿಗೂ ನಾ ಇಷ್ಟು ಕಾವಲು ಕಾದಿಲ್ಲ" ಅಂತಿದ್ರು. ಮುಟ್ಟೋದು ಮಾತ್ರ ಇಲ್ಲ. ರೊಟ್ಟಿ ತುಣುಕು ಹಾಕೋದಿದ್ರೂ ದೂರಿಂದ ಒಗೀತಿದ್ರು.

ತಾಯಿ ಮಾಡೋಣು ಅಂದವರು ಯಾರೂ ಮರಿ ಒಯ್ತೀನಿ ಅಂತ ಮಾತ್ರ ಹೇಳ್ಲಿಲ್ಲ. ಹೋದ ಸಲದ ಹೆಣ್ಣುಮರಿ ಗತಿ ನೋಡಿದ್ವಲ್ಲ, ನಾವೂ ಆ ಹಾದಿಗೆ ಹೋಗ್ಲಿಲ್ಲ. ಹಂಗಂತ ಆಪರೇಶನ್ನೂ ಮಾಡಸ್ಲಿಲ್ಲ. ಒಂದು ವರ್ಷ ಮಗನ ಮುಂಜಿವಿ, ಒಂದು ವರ್ಷ ಮನಿ ರಿಪೇರಿ, ಆಮ್ಯಾಲೆ ಲಾಕ್‌ಡೌನ್. ಏಳು ವರ್ಷ ಹಂಗ ಹೋತು.

2023ರ ಏಪ್ರಿಲ್. ಪೇಡೆಯ ಆ ಮೂರು ವಾರ ಮುಗದು ತಿಂಗಳ ಮ್ಯಾಲಾಗಿತ್ತು. ಒಂದು ದಿನಾ ಅತ್ತಿಯವರು ಅಂದ್ರು, "ಇಕಿ ಭಾಳ ನೀರು ಕುಡೀಲಿಕತ್ತಾಳ. ಎರಡು ತಂಬಗಿ ಹಾಕೋದು ನಾಕಾತು." ಧಾರವಾಡದಾಗ ಏಪ್ರಿಲ್ ಬಿಸಲು, ನಾನೂ ನಾಕು ತಂಬಗಿ ಕುಡೀತೀನಿ ಅಂದೆ. ಮರುದಿನಾ ಪಡಸಾಲಿ ಬಾಗಿಲದಾಗ ಉಚ್ಚಿ. ಏಳು ವರ್ಷದಾಗ ಒಮ್ಮೆನೂ ಮಾಡಿದಾಕಿ ಅಲ್ಲ. ನಾ ಬೈದೆ. ಬೈದದ್ದು ಈಗೂ ನೆನಪಾಗ್ತದ, ಕಿವಿ ಎರಡೂ ಕೆಳಗ ಮಾಡ್ಕೊಂಡು ಮೂಲಿಗೆ ಹೋಗಿ ಕೂತ್ಲು. ಮೂರನೇ ದಿನಾ ಬಿಳೇ ಬಟಾಟಿ ಮೂಸಿ ಬಿಟ್ಲು. "ಹಿಂದ ನೆಕ್ಕೋತಾಳ, ನೋಡು. ಕೀವು ಅನಸ್ತದ" ಅಂದ್ರು ಅತ್ತಿಯವರು. ಹೊಟ್ಟಿ ಬಿಗದಿತ್ತು, ಕೈ ಹಚ್ಚಿದ್ರ ಮೂಳಗಿದ್ಲು. ಸಂಜಿಕೆ ಎರಡು ಸಲ ವಾಂತಿ.

ಆ ದಿನಾ ಐತವಾರ. ನಮ್ಮವರು ಬೆಳಗಾವಿಗೆ ಹೋಗಿದ್ರು, ಮಗ ಟ್ಯೂಷನ್ ಅಂತ ಅವರ ಮಾವನ ಮನ್ಯಾಗ ಇದ್ದ. ನಮ್ಮ ಡಾಕ್ಟರಿಗೆ ಫೋನ್ ಹಚ್ಚಿ ಲಕ್ಷಣಾ ಹೇಳಿದೆ. "ನಾಳೆ ತನಕ ಕಾಯಬ್ಯಾಡ್ರಿ. ಹುಬ್ಬಳ್ಳ್ಯಾಗ ಸ್ಕ್ಯಾನ್ ಇರೋ ಕಡೆ ಈಗ ಹೋಗ್ರಿ, ನಾ ಹೇಳಿರ್ತೀನಿ" ಅಂದ್ರು. ಓಣಿ ಹುಡುಗನ ಆಟೋ ಕರದೆ. ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್. ಪೇಡೆ ನಿಂದ್ರಲಿಕ್ಕೂ ತಯಾರಿಲ್ಲ. ಆಟೋದಾಗ ಯಾರರೆ ಹಿಡಕೊಂಡು ಕೂಡಬೇಕು. ನಾ ರೊಕ್ಕ, ಕಾಗದ ಹುಡುಕಿ ಹೊರಗ ಬರೋದ್ರಾಗ ಅತ್ತಿಯವರು ಆಟೋದಾಗ ಕೂತಿದ್ರು. ತೊಡಿ ಮ್ಯಾಲೆ ಅವರದ ಕೌದಿ, ಕೌದಿ ಮ್ಯಾಲೆ ಪೇಡೆ. ಏಳು ವರ್ಷದಾಗ ಮೊದಲನೇ ಸಲ ಮುಟ್ಟಿದ್ದು. ನಾ ಏನೂ ಅನ್ಲಿಲ್ಲ, ಬಾಜೂಕ ಕೂತೆ.

ನವನಗರ ದಾಟೋ ತನಕ ಇಬ್ಬರೂ ಮಾತಾಡ್ಲಿಲ್ಲ. ಆಮ್ಯಾಲೆ ಅವರು ಮಾತಾಡಿದ್ದು ನನ್ನ ಕೂಡ ಅಲ್ಲ, ನಾಯಿ ಕೂಡ. ತಲಿ ಮ್ಯಾಲೆ ಕೈ ಆಡಿಸ್ಕೋತ ಅಂದ್ರು, "ನನಗೂ ಹಿಂಗ ಆಗಿತ್ತು ಬಾಳಾ. ಸಣ್ಣಾಕಿ ಹುಟ್ಟಿ ಹತ್ತು ವರ್ಷಕ್ಕ ಚಾಲೂ ಆತು. ತಿಂಗಳಾಗ ಹದಿನೈದು ದಿನಾ ಹೋಗ್ತಿತ್ತು. ನಾಕು ವರ್ಷ. ಹೊರಗ ಕೂತಾಳ, ಯಾವಾಗ್ಲೂ ಹೊರಗ ಕೂತಾಳ ಅಂತ ಮನ್ಯಾಗ ಬೈತಿದ್ರು. ಬಾವಿ ಕಟ್ಟಿ ಮ್ಯಾಲೆ ಬಿದ್ದ ಮ್ಯಾಲೆ ದವಾಖಾನಿಗೆ ಒಯ್ದ್ರು. ಚೀಲ ತಗದ್ರು." ಸ್ವಲ್ಪ ಹೊತ್ತು ಸುಮ್ಮ ಕೂತು, "ನಿನಗರೆ ಬಾಯಿಲ್ಲ. ನನಗ ಬಾಯಿತ್ತು, ನಾನೂ ಹೇಳ್ಲಿಲ್ಲ" ಅಂದ್ರು.

ಮದಿವ್ಯಾಗಿ ಇಪ್ಪತ್ತು ವರ್ಷ ಆಗಿತ್ತು ನನಗ ಆಗ. ಅವರಿಗೆ ಆಪರೇಶನ್ ಆಗಿತ್ತು ಅಂತ ಗೊತ್ತಿತ್ತು, ಹೆಂಗಾತು ಅಂತ ಯಾರೂ ಹೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ಸ್ಕ್ಯಾನ್‌ನಾಗ ಗರ್ಭಚೀಲ ತುಂಬ ಕೀವು. ಪಯೋಮೆಟ್ರಾ ಅಂತಾರಂತ. ಅಲ್ಲಿ ಡಾಕ್ಟರು ಹೆಣ್ಣುಮಗಳು, ನಮಗ ತಿಳಿಯೋ ಹಂಗ ಹೇಳಿದ್ರು. ಹೆಣ್ಣು ನಾಯಿ ಬೆದಿಗೆ ಬಂದು ಹೋದ ಮ್ಯಾಲೆ, ಗಬ್ಬ ಆಗಿರಲಿ ಬಿಡಲಿ, ಅದರ ಮೈ ಎರಡು ತಿಂಗಳು ಗಬ್ಬ ಆದಂಗ ತಯಾರಿ ನಡಸ್ತದ. ಚೀಲದ ಒಳಪದರ ದಪ್ಪಾಗ್ತದ. ವರ್ಷಕ್ಕ ಎರಡು ಸಲದಂಗ ಇಷ್ಟು ವರ್ಷ ದಪ್ಪಾಗಿ ದಪ್ಪಾಗಿ, ಒಂದು ಸಲ ಕ್ರಿಮಿ ಹೊಕ್ಕರ ಅಲ್ಲೇ ಕೀವು ಕಟ್ತದ. ಬಹುತೇಕ ಬೆದಿ ಮುಗದ ಒಂದು-ಎರಡು ತಿಂಗಳಿನಾಗ ಕಾಣಸ್ಕೋತದ. ನೀರು ಹೆಚ್ಚು ಕುಡಿಯೋದು ಮೊದಲನೇ ಗುರ್ತು. ಕೀವು ಹೊರಗ ಬಂದ್ರ ಪುಣ್ಯಾ, ನಮಗ ತಿಳೀತದ. ಬಾಯಿ ಮುಚ್ಚಿಬಿಟ್ರ ಚೀಲ ಒಳಗ ಒಡದು ನಂಜು ಏರಿ ಸಾಯ್ತದ. "ಒಂದು ಸಲ ಮರಿ ಹಾಕಿದ್ರ ಇದು ಬರ್ತಿರಲಿಲ್ಲ ಅಲ್ರಿ?" ಅಂತ ಕೇಳಿದೆ, ಕಾಕು ಮಾತು ತಲ್ಯಾಗಿತ್ತು. "ಮರಿ ಹಾಕಿದಾವಕ್ಕೂ ಬರ್ತದ್ರಿ. ಒಂದು ಹೆರಿಗಿಲೆ ಏನೂ ತಪ್ಪಂಗಿಲ್ಲ. ಆರು ತಿಂಗಳಿಗೆ ಆಪರೇಶನ್ ಮಾಡಸಿದ್ರ ಇದು ಬರ್ತಿದ್ದಿಲ್ಲ, ಮೊಲಿ ಗಂಟಿನ ಹೆದರಿಕಿನೂ ಕಡಿಮಿ ಆಗ್ತಿತ್ತು" ಅಂದ್ರು. ಆಕಿ ಬೈಲಿಲ್ಲ. ಬೈದಿದ್ರ ಛಲೋ ಆಗ್ತಿತ್ತು ಅನಿಸ್ತು.

ರಾತ್ರಿ ಒಂಬತ್ತೂವರೆಗೆ ಒಳಗ ಒಯ್ದ್ರು. ಉಳೀತಾಳ ಅಂತ ಮಾತು ಕೊಡ್ಲಿಕ್ಕೆ ಆಗಂಗಿಲ್ಲ ಅಂತ ಮೊದಲ ಹೇಳಿ ಸಹಿ ತುಗೊಂಡ್ರು. ಹೊರಗ ಬೆಂಚಿನ ಮ್ಯಾಲೆ ನಾವಿಬ್ಬರ. ಅತ್ತಿಯವರು ರಾತ್ರಿ ಹೊರಗ ಒಂದು ಹನಿ ನೀರು ಕುಡಿಯೋವರಲ್ಲ, ಅವತ್ತ ನಾ ತಂದ ಚಹಾ ಕುಡದ್ರು. ಹನ್ನೊಂದೂ ಕಾಲಿಗೆ ಡಾಕ್ಟರು ಬಂದು ಆತು ಅಂದ್ರು. ಒಂದು ಕಿಲೋ ಮ್ಯಾಲೆ ತೂಗಿತಂತ ಆ ಚೀಲ. ಹನ್ನೊಂದು ಕಿಲೋ ನಾಯಿ ಒಳಗ! ಸ್ಕ್ಯಾನ್, ರಕ್ತ ಪರೀಕ್ಷಾ, ಆಪರೇಶನ್, ಮೂರು ದಿನದ ಸಲೈನ್ ಎಲ್ಲಾ ಕೂಡಿ 23,000 ರೂಪಾಯಿ. ನಾಕು ಸಾವಿರ ಉಳಸಿದ್ವಲ್ಲ ನಾವು, ಅದರ ಲೆಕ್ಕಾ.

ಮನಿಗೆ ಬಂದ ಮ್ಯಾಲೆ ಹೊಲಿಗಿ ನೆಕ್ಕಬಾರದು ಅಂತ ಕೊರಳಿಗೆ ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಹಾಕಿ ಕಳಿಸಿದ್ರು. ಅದು ಗ್ವಾಡಿಗೆ, ಕಂಬಕ್ಕ ಬಡಿಯೋದು, ಆಕಿ ಅಂಜೋದು. ಅತ್ತಿಯವರು ಅದನ್ನ ತಗಸಿ, ತಮ್ಮ ಹಳೇ ಹತ್ತೀ ಸೀರಿ ಹರದು, ನಾಕು ಕಾಲಿಗೆ ತೂತು ಬಿಟ್ಟು, ಬೆನ್ನ ಮ್ಯಾಲೆ ಗಂಟು ಬರೋ ಹಂಗ ಕುಪ್ಪಸ ಹೊಲದ್ರು. ಡಾಕ್ಟರಿಗೆ ಫೋಟೋ ಕಳಿಸಿದೆ, ನಡೀತದ, ಒದ್ದಿ ಆಗಧಂಗ ನೋಡ್ಕೋರಿ ಅಂದ್ರು. ಹನ್ನೆರಡು ದಿನಕ್ಕ ಹೊಲಿಗಿ ಬಿಚ್ಚಿದ್ರು. ಆ ಹನ್ನೆರಡೂ ದಿನಾ ಪೇಡೆ ಮಲಗಿದ್ದು ನಡುಮನ್ಯಾಗ, ಅತ್ತಿಯವರ ಕಾಟಿನ ಕೆಳಗ, ಅದ ಕೌದಿ ಮ್ಯಾಲೆ. ಹದಿಮೂರನೇ ದಿನಾ ನಾ ಹಿತ್ತಲಕ್ಕ ಕರಕೊಂಡು ಹೊಂಟೆ. "ಇರ್ಲಿ ಬಿಡು, ಹೊರಗ ಕೂತು ಕೂತು ಸಾಕಾಗೇದ ಆಕಿಗೆ" ಅಂದ್ರು.

ಪೂಜಿಗೆ ಮೊದಲ ಇನ್ನೊಮ್ಮೆ ಸ್ನಾನ ಮಾಡೋದು ಮಾತ್ರ ಅವರು ಬಿಟ್ಟಿಲ್ಲ. ಮುಂಜಾನೆ ಎದ್ದ ಕೂಡ್ಲೆ ಆಕಿ ತಲಿ ಮುಟ್ತಾರ, ಆಮ್ಯಾಲೆ ಸ್ನಾನಕ್ಕ ಹೋಗ್ತಾರ. ಎರಡೂ ನಡದಾವ.

ಈಗ ಪೇಡೆಗೆ ಒಂಬತ್ತು. ಆಪರೇಶನ್ ಆದ ಮ್ಯಾಲೆ ಮೈ ಬರ್ತದ ಅಂತಾರ, ಖರೇ, ಒಂದೂವರೆ ಕಿಲೋ ಏರ್ಯಾಳ. ಚಪಾತಿ ಬಂದ್ ಮಾಡೀನಿ, ನನ್ನ ಹಿಂದ ಅತ್ತಿಯವರು ಹಾಕ್ತಾರ. ಸಣ್ಣ ಮೋತಿ ನಾಯಿಗೆ ಹಲ್ಲಿನ ತ್ರಾಸು ಲಗೂ ಬರ್ತದ, ಹಲ್ಲಿಗೆ ಕಿಟ್ಟ ಕಟ್ಟೇದ, ಬಾಯಿ ವಾಸನಿ. ಮೆಟ್ಟಲ ಏರೋವಾಗ ಒಂದು ಹಿಂಗಾಲು ಎತ್ತಿ ಕುಂಟ್ತಾಳ, ಮೊಣಕಾಲಿನ ಚಿಪ್ಪು ಜರಗ್ತದಂತ, ಇದೂ ಅವ್ವನ ಕಡೆ ಬಳುವಳಿ. ದೀಪಾವಳಿ ಪಟಾಕಿಗೆ ಮೊದಲಿಂದನೂ ಅಂಜ್ತಾಳ. ಆ ನಾಕು ದಿನಾ ಕಿಡಕಿ ಮುಚ್ಚಿ, ಟೀವಿ ದೊಡ್ಡದು ಮಾಡಿ, ನಾವ್ಯಾರರೆ ಬಾಜೂಕ ಕೂಡ್ತೀವಿ.

ನಿನ್ನೆ ಗದಗಿನ ಫೋನ್ ಮತ್ತ ಬಂತು. ಮರಿ ಮನಿಗೆ ಬಂದದಂತ, ರಾತ್ರಿಪೂರ್ತಿ ಅತ್ತು ಅವರನ್ನೂ ಮಲಗಸ್ಲಿಲ್ಲಂತ. ಹೆಸರು ಇನ್ನೂ ಇಟ್ಟಿಲ್ಲ, ಹುಡುಗ ಇಂಗ್ಲೀಷ್ ಹೆಸರು ಹುಡುಕ್ಲಿಕತ್ತಾನಂತ. ಒಂದು ಬಿಸಿನೀರಿನ ಬಾಟಲಿಗೆ ಅರಬಿ ಸುತ್ತಿ ಬಾಜೂಕ ಇಡು, ಅವ್ವನ ಮೈ ಅಂತ ತಿಳದು ಮಲಗ್ತದ ಅಂತ ನಾ ಹೇಳ್ಲಿಕತ್ತಿದ್ದೆ. ಅತ್ತಿಯವರು ಕೈ ಚಾಚಿ ಫೋನ್ ಇಸಗೊಂಡ್ರು.

"ಹೆಸರು ಆಮ್ಯಾಲೆ ಇಡೋವಂತಿ" ಅಂದ್ರು ಮಗಳಿಗೆ. "ಆರು ತಿಂಗಳು ಯಾವಾಗ ತುಂಬ್ತದ ಆಕಿಗೆ? ತಾರೀಖು ಹೇಳು, ಕ್ಯಾಲೆಂಡರ್ ಮ್ಯಾಲೆ ಬರಸ್ತೀನಿ. ಮತ್ತ ನೀ ಹೋದ ತಿಂಗಳಿಂದ ಹೊಟ್ಟಿನೋವು ಅನ್ಲಿಕತ್ತೀಯಲ್ಲ, ಡಾಕ್ಟರ ಕಡೆ ಹೋಗಿದ್ದೇನು?"

ಆ ಕಡಿಂದ ಏನು ಉತ್ತರ ಬಂತೋ ನನಗ ಕೇಳಸ್ಲಿಲ್ಲ.

"ಹಂಗಾರ ನಾಳೆ ಹೋಗು" ಅಂದ್ರು ಅತ್ತಿಯವರು.